ಗಾಳಿಸಿದ ನೀರೂ ಗಾಜಿನ ತೊಟ್ಟಿಯ ಮೀನೂ

ನೀರನ್ನು ಗಾಳಿಸದೆ ಬಳಸಬಾರದೆಂಬುದು ಜೈನ ಗೃಹಸ್ಥನ ಆಚಾರಗಳಲ್ಲಿ ಅತ್ಯಂತ ಪರಿಚಿತವಾದುದು. ದೇವದರ್ಶನ, ರಾತ್ರಿಭೋಜನತ್ಯಾಗಗಳ ಜೊತೆಗೆ ಇದನ್ನೂ ಸೇರಿಸಿ, ಈ ಮೂರು ಇರುವ ಮನೆಯೇ ಜೈನನ ಮನೆಯೆಂದು ಹಿರಿಯರು ಹೇಳುತ್ತ ಬಂದಿರುವರು. ಅತಿಪರಿಚಿತವಾದ ಆಚಾರಕ್ಕೆ ಒಂದು ಅಪಾಯವುಂಟು. ಕೈ ಅದನ್ನು ತಾನಾಗಿಯೇ ಮಾಡುತ್ತ ಹೋಗುವುದು. ಮನಸ್ಸು ಅದರ ಅರ್ಥವನ್ನು ಕೇಳುವುದನ್ನು ಬಿಟ್ಟುಬಿಡುವುದು. ನಾವು ನೀರನ್ನು ಗಾಳಿಸುವುದು ಯಾರಿಗಾಗಿ? ಕುಡಿಯುವ ನಮಗಾಗಿಯೋ, ಆ ನೀರಿನಲ್ಲಿರುವ ಜೀವಕ್ಕಾಗಿಯೋ?

ಈ ಹಳೆಯ ಪ್ರಶ್ನೆ ಇಂದು ಹೊಸ ವೇಷದಲ್ಲಿ ನಮ್ಮ ಮನೆಗಳ ಒಳಗೇ ಬಂದು ನಿಂತಿದೆ. ಪಟ್ಟಣವಾಸಿಗಳಾದ ಶ್ರಾವಕರ ಕೆಲವು ಮನೆಗಳಲ್ಲಿ ಈಗ ಅಲಂಕಾರದ ಮೀನುಗಳ ಗಾಜಿನ ತೊಟ್ಟಿ ಕಾಣಸಿಗುವುದು. ಮಕ್ಕಳ ಆಸೆಗೋ, ವಾಸ್ತುವಿನ ನಂಬಿಕೆಗೋ, ನಡುಮನೆಯ ಅಂದಕ್ಕೋ ತಂದಿಟ್ಟದ್ದು. ತೊಟ್ಟಿಯ ಪಕ್ಕದಲ್ಲಿ, ಯಂತ್ರದಿಂದ ಶುದ್ಧಗೊಳಿಸಿದ ನೀರನ್ನು ತುಂಬಿಟ್ಟ ಪ್ಲಾಸ್ಟಿಕ್ ಡ್ರಮ್ಮು. ವ್ರತಿಗಳಿರುವ ಮನೆಯಲ್ಲಿ ಇಂಥ ತೊಟ್ಟಿ ಇರಬಹುದೆ? ಇದ್ದಮೇಲೆ, ಅದಕ್ಕೆ ಬೇಕಾದ ನೀರನ್ನು ಶೇಖರಿಸುವ, ಎತ್ತಿ ಸುರಿಯುವ ಕಾರ್ಯವನ್ನು ದಯೆಯೆನ್ನಬೇಕೋ, ಆರಂಭವೆನ್ನಬೇಕೋ? ಪಾಠಶಾಲೆಯ ಮಕ್ಕಳು ಕೇಳತೊಡಗಿರುವ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ.

ಮೊದಲು ನಮ್ಮ ಆಚಾರವನ್ನೇ ಇನ್ನೊಮ್ಮೆ ನೋಡೋಣ. ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಪದರವಾಗಿ ಮಡಿಸಿ, ಅದರ ಮೂಲಕ ನೀರನ್ನು ಇಳಿಸಬೇಕು. ಹೀಗೆ ಗಾಳಿಸಿದ ನೀರಿಗೆ ಎರಡು ಘಳಿಗೆ, ಅಂದರೆ 48 ನಿಮಿಷಗಳ ಮರ್ಯಾದೆ. ಲವಂಗವೇ ಮೊದಲಾದುವನ್ನು ಹಾಕಿ ಪ್ರಾಸುಕ ಮಾಡಿದರೆ ಎರಡು ಪ್ರಹರ, ಚೆನ್ನಾಗಿ ಕುದಿಸಿದರೆ ಎಂಟು ಪ್ರಹರ. ಇಷ್ಟನ್ನು ಬಹುಮಂದಿ ಬಲ್ಲರು. ಬಲ್ಲವರು ಕಡಿಮೆಯಾಗುತ್ತಿರುವುದು ಇದರ ಮುಂದಿನ ಭಾಗವನ್ನು. ಬಟ್ಟೆಯ ಮೇಲೆ ಉಳಿದದ್ದನ್ನು ಏನು ಮಾಡಬೇಕು? ಅದರ ಮೇಲೆ ಗಾಳಿಸಿದ ನೀರನ್ನೇ ಹನಿಸಿ, ಉಳಿದ ಸೂಕ್ಷ್ಮಜೀವಿಗಳನ್ನು ಪಾತ್ರೆಗಿಳಿಸಿ, ನೀರು ಯಾವ ಬಾವಿಯಿಂದ ಬಂದಿತೋ ಅದೇ ಬಾವಿಗೆ ಮರಳಿಸಬೇಕು. ಉತ್ತರದ ಶ್ರಾವಕರು ಇದನ್ನು ಜೀವಾನಿಯೆಂದು ಕರೆಯುವರು. ಮರಳಿಸುವುದೆಂದರೆ ದಡದಿಂದ ಎಸೆಯುವುದಲ್ಲ. ಪಾತ್ರೆಯ ತಳಕ್ಕೂ ಒಂದು ಕೊಂಡಿಯಿಟ್ಟು, ಹಗ್ಗದಿಂದ ಮೆಲ್ಲನೆ ಇಳಿಬಿಟ್ಟು, ಪಾತ್ರೆ ನೀರಿನ ಮೈಯನ್ನು ಮುಟ್ಟಿದ ಮೇಲೆಯೇ ಅದನ್ನು ಬೋರಲು ಮಾಡುವ ಕ್ರಮವಿತ್ತು. ಎತ್ತರದಿಂದ ಬಿದ್ದ ಪೆಟ್ಟಿಗೆ ಆ ಜೀವಿಗಳು ಸಾಯಬಾರದು, ಒಂದು ಬಾವಿಯ ಜೀವ ಇನ್ನೊಂದು ಬಾವಿಯ ನೀರಿಗೆ ಬಿದ್ದು ಬಾಧೆಗೊಳಗಾಗಬಾರದು ಎಂಬುದೇ ಇದರ ಉದ್ದೇಶ. ನನ್ನ ಅಭಿಪ್ರಾಯದಲ್ಲಿ ಈ ಆಚಾರದ ಪ್ರಾಣವಿರುವುದು ಇಲ್ಲಿ; ಬಟ್ಟೆಯ ಕೆಳಗೆ ಇಳಿದ ನೀರಿನಲ್ಲಲ್ಲ, ಬಟ್ಟೆಯ ಮೇಲೆ ಉಳಿದ ತೇವದಲ್ಲಿ.

ಬಟ್ಟೆಯಿಂದ ಗಾಳಿಸಿದರೆ ಆರೋಗ್ಯಕ್ಕೆ ಒಳ್ಳೆಯದೆಂದು ಸಮರ್ಥಿಸುವವರುಂಟು. ಅದು ಸುಳ್ಳೇನಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸಿದ್ದರಿಂದ ಕಾಲರಾ ಪ್ರಕರಣಗಳು ನೂರಕ್ಕೆ 48ರಷ್ಟು ಇಳಿದುವೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ರೋಗಾಣು ಬಟ್ಟೆಯ ಎಳೆಗಳಿಗಿಂತ ಎಷ್ಟೋ ಸಣ್ಣದಾದರೂ, ಅದು ಅಂಟಿಕೊಂಡಿರುವ ಸಣ್ಣ ಜಲಕೀಟಗಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ನಾರುಹುಣ್ಣಿನ ಕಥೆಯೂ ಹಾಗೆಯೇ. ಭಾರತವು ಆ ರೋಗದಿಂದ ಮುಕ್ತವೆಂದು 2000ದಲ್ಲಿ ಘೋಷಿತವಾಗುವಲ್ಲಿ ಬಟ್ಟೆಯ ಸೋಸುವಿಕೆಯ ಪಾಲು ದೊಡ್ಡದು. ಸಂತೋಷದ ಸಂಗತಿಯೇ. ಆದರೆ ಅಲ್ಲೆಲ್ಲ ಸೋಸಿದ್ದು ಕುಡಿಯುವವನ ಹಿತಕ್ಕಾಗಿ. ಬಟ್ಟೆಯ ಮೇಲಿನ ಜೀವಿ ಅಲ್ಲಿ ಶತ್ರು. ವ್ರತಿಯ ಬಟ್ಟೆಯ ಮೇಲೆ ಅದು ಆಶ್ರಿತ. ಕೆಲಸ ಒಂದೇ, ಭಾವ ಬೇರೆ. ನಮ್ಮ ಆಚಾರವನ್ನು ಕೇವಲ ಆರೋಗ್ಯದ ಬೆಂಬಲದಿಂದ ನಿಲ್ಲಿಸಹೊರಟವರು, ಅದರಿಂದ ಜೀವವನ್ನೇ ಹೊರಗಿಟ್ಟುಬಿಡುವರೆಂಬುದನ್ನು ಮರೆಯಬಾರದು.

ಈಗ ಯಂತ್ರಕ್ಕೆ ಬರೋಣ. ಅಡುಗೆಮನೆಯ ಗೋಡೆಯಲ್ಲಿ ನೇತಾಡುವ ಆರ್.ಓ. ಯಂತ್ರದ ಮೂಲವು, 1959ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ಭಾರತಮೂಲದ ಶ್ರೀನಿವಾಸ ಸೌರಿರಾಜನ್ ಎಂಬಿಬ್ಬರು ರೂಪಿಸಿದ ಪೊರೆಯಲ್ಲಿದೆ. ಒತ್ತಡದಿಂದ ನೀರನ್ನು ಆ ಪೊರೆಯ ಮೂಲಕ ನೂಕಿದರೆ ಉಪ್ಪು, ಸುಣ್ಣದ ಅಂಶಗಳೆಲ್ಲ ಈಚೆಗೇ ಉಳಿದು, ಬಹುಮಟ್ಟಿಗೆ ನಿರ್ಲವಣವಾದ ನೀರು ಆಚೆಗೆ ಹೋಗುವುದು. ಉಳಿದದ್ದೆಲ್ಲ ಗಟಾರದ ಪಾಲು. ಒಂದು ಲೀಟರು ನೀರು ಕೈಗೆ ಬರಬೇಕಾದರೆ ಸಾಮಾನ್ಯ ಮನೆಯ ಯಂತ್ರ ಎರಡು ಮೂರು ಲೀಟರನ್ನು ಹೊರಕ್ಕೆ ಚೆಲ್ಲುವುದು. ವ್ರತದ ದೃಷ್ಟಿಯಿಂದ ನೋಡಿದರೆ ಇದು ಶೋಧನೆಯೇನೋ ಹೌದು, ಆದರೆ ಜೀವಾನಿಯಿಲ್ಲದ ಶೋಧನೆ. ಉಳಿದದ್ದು ಎಲ್ಲಿಂದ ಬಂದಿತೋ ಅಲ್ಲಿಗೆ ಹೋಗುವ ಮಾತೇ ಇಲ್ಲಿಲ್ಲ. ಆದುದರಿಂದ ಯಂತ್ರವಿದ್ದರೂ ನಲ್ಲಿಗೆ ಬಟ್ಟೆ ಕಟ್ಟಿ ಗಾಳಿಸಿಯೇ ಅದಕ್ಕೆ ನೀರು ಕೊಡುವ ಮನೆಗಳಿವೆ. ಅವರನ್ನು ಕಂಡು ನಗುವವರೂ ಇದ್ದಾರೆ. ನಗಬೇಕಾದ್ದೇನೂ ಅಲ್ಲಿಲ್ಲ.

ಇಷ್ಟು ಶುದ್ಧವಾದ ಈ ನೀರು ಮೀನಿಗೆ ಶುದ್ಧವೆ? ಮೀನು ಸಾಕುವವರು ಮೊದಲು ಕಲಿಯುವ ಪಾಠವೇ ಇದಕ್ಕೆ ಉತ್ತರ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣವಿರುವುದರಿಂದ, ನೀರು ಕಿವಿರುಗಳ ಮೂಲಕ ಸದಾ ಅದರ ಮೈಯೊಳಗೆ ನುಗ್ಗುತ್ತಲೇ ಇರುವುದು. ಮೀನು ಆ ನೀರನ್ನು ಮೂತ್ರವಾಗಿ ಹೊರಹಾಕುತ್ತ, ಕಳೆದುಹೋಗುವ ಲವಣವನ್ನು ಕಿವಿರುಗಳಿಂದ ಮತ್ತೆ ಹೀರಿಕೊಳ್ಳುತ್ತ ಬದುಕುವುದು. ಲವಣವೇ ಇಲ್ಲದ ನೀರಿನಲ್ಲಿ ಅದರ ಈ ದುಡಿಮೆ ಹೆಚ್ಚುವುದು. ಜೊತೆಗೆ ಅಂಥ ನೀರಿನಲ್ಲಿ ಹುಳಿಯನ್ನು ತಡೆದು ನಿಲ್ಲಿಸುವ ಸುಣ್ಣದ ಅಂಶವಿಲ್ಲದುದರಿಂದ, ಅದರ ಗುಣ ಸ್ವಲ್ಪ ಕಾರಣಕ್ಕೂ ಥಟ್ಟನೆ ಬದಲಾಗುವುದು. ಆದುದರಿಂದ ಆರ್.ಓ. ನೀರಿಗೆ ಖನಿಜಗಳನ್ನು ಮತ್ತೆ ಬೆರೆಸಿ, ಇಲ್ಲವೆ ನಲ್ಲಿಯ ನೀರನ್ನು ಹದವಾಗಿ ಕೂಡಿಸಿ ತೊಟ್ಟಿಗೆ ಹಾಕಬೇಕು. ನಲ್ಲಿಯ ನೀರಾದರೋ ಬರಿದೇ ಹಾಕತಕ್ಕದ್ದಲ್ಲ. ನಮ್ಮನ್ನು ರೋಗದಿಂದ ಕಾಪಾಡಲು ಬೆರೆಸಿದ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುವುದು. ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುವುದು. ಕ್ಲೋರಮಿನ್ ಬೆರೆತಿದ್ದರೆ ಹಾಗೆ ಹೋಗುವುದಿಲ್ಲ.

ನನಗೆ ಪರಿಚಯವಿರುವ ಒಂದು ಕುಟುಂಬದಲ್ಲಿ ಅಜ್ಜಿ ವ್ರತಿ. ಮೊಮ್ಮಗ ಮೀನು ಸಾಕಿದವನು. ಒಂದು ದಿನ ತೊಟ್ಟಿಯಲ್ಲಿ ನೀರು ಇಳಿದದ್ದನ್ನು ಕಂಡ ಅಜ್ಜಿ, ತಮಗಾಗಿ ಗಾಳಿಸಿ ತಾಮ್ರದ ಹಂಡೆಯಲ್ಲಿಟ್ಟಿದ್ದ ನೀರನ್ನೇ ಒಂದು ತಂಬಿಗೆ ಸುರಿಯಲು ಹೋದರು. ಹುಡುಗ ಓಡಿಬಂದು, "ಬೇಡ ಅಜ್ಜಿ, ತಾಮ್ರದ ನೀರು ಮೀನಿಗೆ ಆಗಲ್ಲ" ಎಂದು ಕೈಹಿಡಿದನು. "ನಾನು ಕುಡಿಯೋ ನೀರು ಅದಕ್ಕೆ ವಿಷವೇನೋ ಮಗಾ?" ಎಂದರು ಅವರು, ನೊಂದುಕೊಂಡೇ. ಹುಡುಗನ ಮಾತು ಸತ್ಯ. ತಾಮ್ರದ ಪಾತ್ರೆಯಲ್ಲಿ ನಿಂತ ನೀರಿಗೆ ಅತ್ಯಲ್ಪವಾಗಿ ಇಳಿಯುವ ತಾಮ್ರ ನಮಗೆ ಬಾಧಕವಲ್ಲ. ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಸೀಗಡಿ ಬಸವನಹುಳುಗಳಿಗೆ ಅದು ಅಪಾಯಕರ. ನೀರು ಮೆದುವಾದಷ್ಟೂ ತಾಮ್ರದ ವಿಷ ತೀಕ್ಷ್ಣ. ಸತುವಿನ ಲೇಪವಿರುವ ಬಕೀಟೂ ಹೀಗೆಯೇ ವರ್ಜ್ಯ.

ಅಜ್ಜಿಯ ಆ ನೋವು ವಿಚಾರಾರ್ಹವಾದುದು. ಶುದ್ಧಿಯೆಂಬುದು ವಸ್ತುವಿನಲ್ಲೇ ನೆಲೆಸಿರುವ ಗುಣವೆಂದು ನಾವು ತಿಳಿದಿರುತ್ತೇವೆ. ಹಂಡೆ ಶುದ್ಧ, ಬಟ್ಟೆ ಶುದ್ಧ, ಆದುದರಿಂದ ನೀರು ಶುದ್ಧ, ಎಲ್ಲರಿಗೂ ಶುದ್ಧ. ಆದರೆ ಶುದ್ಧಿಯನ್ನು ಹೇಳುವಾಗ ಯಾರಿಗೆ ಎಂಬ ಅಪೇಕ್ಷೆಯನ್ನೂ ಸೇರಿಸಿ ಹೇಳಬೇಕಾಗುವುದು. ಅನೇಕಾಂತವನ್ನು ಶಾಸ್ತ್ರಸಭೆಯಲ್ಲಿ ಮಾತ್ರ ಆಡಿ, ನೀರಿನ ತಂಬಿಗೆಯ ಮುಂದೆ ಮರೆತರೆ ಏನು ಬಂತು?

ಶೇಖರಣೆಯ ವಿಷಯದಲ್ಲಿ ವ್ರತಿಗೆ ತೋರುವ ತೊಡಕು ಬೇರೊಂದು. ಗಾಳಿಸಿದ ನೀರಿಗೆ ಎರಡು ಘಳಿಗೆಯ ಮರ್ಯಾದೆಯಾದರೆ, ಮೀನಿನ ನೀರು ಒಂದು ದಿನವಾದರೂ ನಿಲ್ಲಬೇಕು; ಆರ್.ಓ. ನೀರನ್ನು ವಾರದ ಬದಲಾವಣೆಗೆಂದು ಹಲವು ದಿನ ಕೂಡಿಡುವುದೂ ಉಂಟು. ಮರ್ಯಾದೆ ಮೀರಿದ ನೀರಿನಲ್ಲಿ ಜೀವೋತ್ಪತ್ತಿಯಾಗುವುದೆಂಬುದು ನಮ್ಮ ನಂಬಿಕೆ. ಬರಿಗಣ್ಣಿಗೇ ಕಾಣುವ ಉದಾಹರಣೆ ಬೇಕಾದವರು, ಮುಚ್ಚಳವಿಲ್ಲದ ಡ್ರಮ್ಮನ್ನು ಹತ್ತು ದಿನ ಬಿಟ್ಟು ನೋಡಬಹುದು. ಡೆಂಗೆಯನ್ನು ಹರಡುವ ಸೊಳ್ಳೆ ಮೊಟ್ಟೆಯಿಡಲು ಆರಿಸಿಕೊಳ್ಳುವುದು ಇಂಥ ತಿಳಿನೀರನ್ನೇ. ಮರಿಗಳಾದಮೇಲೆ ಗೃಹಸ್ಥನ ಗತಿಯೇನು? ಚೆಲ್ಲಿದರೆ ಹಿಂಸೆ, ಬಿಟ್ಟರೆ ಮನೆಯವರಿಗೂ ನೆರೆಯವರಿಗೂ ರೋಗ. ಆ ಮರಿಗಳನ್ನು ತಿನ್ನಲೆಂದು ಎರಡು ಗಪ್ಪಿ ಮೀನುಗಳನ್ನು ಡ್ರಮ್ಮಿಗೇ ಬಿಡಬಹುದೆಂದು ಸಲಹೆ ಕೊಡುವ ಜಾಣರೂ ಇದ್ದಾರೆ. ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಆಯುಧವಾಗಿ ಪ್ರಯೋಗಿಸುವ ಆ ಸಲಹೆಯನ್ನು ಯಾವ ಶ್ರಾವಕಾಚಾರವೂ ಒಪ್ಪಲಾರದು. ಆದುದರಿಂದ ಬಿಗಿಯಾದ ಮುಚ್ಚಳ, ಇಲ್ಲವೆ ಅಂಚುಕಟ್ಟಿದ ದಪ್ಪ ಬಟ್ಟೆ. ಬೆಳಕು ಹಾಯದ ಡ್ರಮ್ಮು, ಏಕೆಂದರೆ ಬೆಳಕು ಬಿದ್ದಲ್ಲಿ ಪಾಚಿ. ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ಕಿನದಾಗಬೇಕು. ಸೋಪು ಹಚ್ಚಿದ ಕೈಯಾಗಲಿ ಒರಸುವ ಬಟ್ಟೆಯಾಗಲಿ ತಾಗಬಾರದು. ಮುಖ್ಯವಾಗಿ, ಬೇಕಾದಷ್ಟೇ ತುಂಬಬೇಕು. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ತೊಟ್ಟಿಗೆ ಸುಮಾರು 54 ಲೀಟರು ಹಿಡಿಯುವುದು. ವಾರಕ್ಕೆ ಕಾಲುಭಾಗ ಬದಲಿಸಿದರೂ 14 ಲೀಟರು ಸಾಕು. ಅದಕ್ಕೆ ನೂರು ಲೀಟರಿನ ಡ್ರಮ್ಮನ್ನು ತುಂಬಿಡುವುದು ಸಂಗ್ರಹಬುದ್ಧಿಯೇ ಹೊರತು ಮುಂದಾಲೋಚನೆಯಲ್ಲ.

ನೀರನ್ನು ಡ್ರಮ್ಮಿನಿಂದ ತೊಟ್ಟಿಗೂ ತೊಟ್ಟಿಯಿಂದ ಹೊರಕ್ಕೂ ಸಾಗಿಸುವ ಕ್ರಮವನ್ನು ನೋಡುವಾಗಲಂತೂ, ಇದನ್ನು ನಮ್ಮ ಅಜ್ಜಿಯರಿಂದ ಕಲಿತಿರಬಹುದೆ ಎಂದು ಅನ್ನಿಸದಿರದು. ನುರಿತವನು ಬಕೀಟನ್ನು ಎತ್ತಿ ಧುಮುಕಿಸುವುದಿಲ್ಲ. ಹಳೆಯ ನೀರಿಗೂ ಹೊಸ ನೀರಿಗೂ ಬಿಸಿಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲವೆಂದು ಮುಟ್ಟಿ ನೋಡಿ, ಸಣ್ಣ ಕೊಳವೆಯಿಂದ ಮೆಲ್ಲಮೆಲ್ಲನೆ ಇಳಿಸುವನು. ನೀರನ್ನು ಹೊರಸೆಳೆಯುವ ಕೊಳವೆಯ ಬಾಯಿಗೆ ಸ್ಪಂಜನ್ನು ಕಟ್ಟುವನು, ಮರಿಮೀನು ಸೆಳೆತಕ್ಕೆ ಸಿಕ್ಕಬಾರದೆಂದು. ಇದು ನಲ್ಲಿಯ ಬಾಯಿಯ ಬಟ್ಟೆಯಲ್ಲದೆ ಮತ್ತೇನು? ಹೊರಗೆ ಬಂದ ನೀರನ್ನು ಕೂಡಲೆ ಚೆಲ್ಲದೆ ಬಿಳಿಯ ಬೇಸಿನ್ನಿನಲ್ಲಿ ನಿಲ್ಲಿಸಿ, ಕಣ್ಣಿಟ್ಟು ನೋಡಿ, ಮರಿಯೊಂದು ಸಿಕ್ಕಿದ್ದರೆ ಬಟ್ಟಲಿನಲ್ಲಿ ಎತ್ತಿ ಅದರ ತೊಟ್ಟಿಗೇ ಮರಳಿಸುವನು. ಹೊಸದಾಗಿ ತಂದ ಮೀನನ್ನು ನೇರವಾಗಿ ತೊಟ್ಟಿಗೆ ಸುರಿಯದೆ, ಅದಿರುವ ಚೀಲವನ್ನೇ ಮೊದಲು ನೀರಿನ ಮೇಲೆ ತೇಲಿಸಿ, ಅದಕ್ಕೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಹೊಂದಿಸುವನು. ನೀರಿನೊಡನೆ ಒಂದು ಜೀವವೂ ಸಾಗುತ್ತಿದೆಯೆಂಬ ಎಚ್ಚರವೇ ಇವೆಲ್ಲದರ ಹಿಂದಿರುವುದು. ಬಾವಿಗೆ ಮೆಲ್ಲನೆ ಇಳಿಯುತ್ತಿದ್ದ ಆ ಎರಡು ಕೊಂಡಿಯ ಪಾತ್ರೆಯಲ್ಲಿದ್ದದ್ದೂ ಇದೇ ಎಚ್ಚರ. ಜೀವಾನಿಯನ್ನು ಬಾವಿಗೆ ಬಿಡುವುದನ್ನು ಮರೆತ ಮನೆಯಲ್ಲಿ ಮೀನಿನ ಹುಡುಗನೊಬ್ಬ ಅದನ್ನು ತಿಳಿಯದೆಯೇ ಪಾಲಿಸುತ್ತಿದ್ದರೆ, ಅವನನ್ನು ಬರಿದೇ ಗದರಿಸಿ ಕಳುಹಿಸುವುದು ನ್ಯಾಯವೆ?

ಸ್ವಚ್ಛತೆಯ ಅತಿರೇಕದ ಬಗ್ಗೆಯೂ ಒಂದು ಮಾತು ಹೇಳಬೇಕು. ಮೀನಿನ ಮಲದಿಂದಲೂ ಕೊಳೆತ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಉಂಟಾಗುವುದು. ಅದು ಮೀನಿಗೆ ವಿಷ. ತೊಟ್ಟಿಯ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ, ಅನಂತರ ಅಷ್ಟು ಕೆಡುಕಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವುವು. ಹಬ್ಬ ಬಂದಿತೆಂದು ಸ್ಪಂಜು, ಮರಳು, ಗಾಜು ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು ತಿಕ್ಕಿದ ಮನೆಯಲ್ಲಿ ಕೆಲವೇ ದಿನಗಳಲ್ಲಿ ಮೀನುಗಳು ಸಾಯುವುದುಂಟು. ತೊಟ್ಟಿ ಥಳಥಳಿಸುತ್ತಿರುವುದು; ಒಳಗಿನ ಜೀವ ಹೋಗಿರುವುದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಗುರವಾಗಿ ಅಲುಬಿದರೆ ಸಾಕು.

ಇಷ್ಟೆಲ್ಲ ಹೇಳಿದಮೇಲೆ, ಹಾಗಾದರೆ ಮೀನು ಸಾಕುವುದು ಧರ್ಮವೇ ಆಯಿತಲ್ಲ ಎಂದು ಯಾರಾದರೂ ಹೇಳಿಯಾರು. ಇಲ್ಲ. ಇಲ್ಲಿ ನಾವು ನಿಷ್ಠುರವಾಗಿಯೇ ಇರಬೇಕು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಬಂಧ. ಜೀವಿಯು ತನಗೆ ಇಷ್ಟವಾದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರ ವಿವರಣೆಯ ತಾತ್ಪರ್ಯ. ಹಗ್ಗವೇ ಇರಬೇಕೆಂದಿಲ್ಲ, ನಾಲ್ಕು ಗಾಜಿನ ಹಲಗೆಗಳೂ ಸಾಕು. ಮೀನು ಪಂಚೇಂದ್ರಿಯ ಜೀವಿ. ಜನ್ನನ ಯಶೋಧರಚರಿತೆಯನ್ನು ಓದಿದವರಿಗೆ, ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಅರಸನು ಭವಾಂತರದಲ್ಲಿ ಮೀನಾಗಿಯೂ ಹುಟ್ಟಿ ತೊಳಲಿದ ಕಥೆ ನೆನಪಿರಬೇಕು. ಗಾಜಿನ ಆಚೆಯಿಂದ ನಮ್ಮನ್ನು ನೋಡುತ್ತಿರುವುದು ಅಲಂಕಾರದ ವಸ್ತುವಲ್ಲ, ತನ್ನದೇ ದಾರಿಯಲ್ಲಿರುವ ಒಂದು ಜೀವ.

ಉಳಿದ ಅತಿಚಾರಗಳೂ ತೊಟ್ಟಿಗೆ ಅನ್ವಯಿಸದೆ ಇರುವುದಿಲ್ಲ. ಐವತ್ತು ಲೀಟರಿನಲ್ಲಿ ನಲವತ್ತು ಮೀನುಗಳನ್ನು ತುಂಬಿದರೆ, ಎತ್ತಿನ ಬೆನ್ನಿಗೆ ಮಿತಿಮೀರಿದ ಹೊರೆ ಹೊರಿಸಿದಂತೆಯೇ ಆಯಿತು. ಹೊರೆ ಬಿದ್ದದ್ದು ನೀರಿನ ಮೇಲೆ, ನಲುಗುವುದು ಮೀನು. ಗಾಜುಮೀನೆಂಬ ಸಣ್ಣ ಮೀನಿನ ಪಾರದರ್ಶಕವಾದ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ವ್ಯಾಪಾರ ನಡೆದದ್ದುಂಟು. ಅದು ಛೇದವಲ್ಲದೆ ಮತ್ತೇನು? ಅನ್ನಪಾನನಿರೋಧದ ವಿಷಯ ಮಾತ್ರ ಸ್ವಲ್ಪ ಸೂಕ್ಷ್ಮ. ಅಷ್ಟಮಿ ಚತುರ್ದಶಿಗಳಲ್ಲಿ ತಾವು ಉಪವಾಸವಿದ್ದು, ಮೀನಿಗೂ ಅಂದು ಉಪವಾಸವೆನ್ನುವವರನ್ನು ಕಂಡಿದ್ದೇನೆ. ಉಪವಾಸವು ಸ್ವೇಚ್ಛೆಯಿಂದ ಕೈಕೊಳ್ಳುವ ತ್ಯಾಗ. ಇನ್ನೊಬ್ಬರ ಹೊಟ್ಟೆಯ ಮೇಲೆ ಆಚರಿಸುವ ಉಪವಾಸವೆಂಬುದು ಇಲ್ಲ. ಬೆಳೆದ ಆರೋಗ್ಯವಂತ ಮೀನಿಗೆ ವಾರದಲ್ಲೊಂದು ದಿನ ಆಹಾರವಿಲ್ಲದಿದ್ದರೆ ಬಾಧೆಯಿಲ್ಲ, ಅತಿಯಾಗಿ ತಿನ್ನಿಸುವುದೇ ಅದಕ್ಕೆ ಹೆಚ್ಚು ಕೆಡುಕು, ಎಂಬುದು ನಿಜ. ಅದರ ಹಿತವನ್ನು ನೋಡಿ ಬಿಟ್ಟರೆ ಅದು ನಿರೋಧವಲ್ಲ. ನಮ್ಮ ಪರ್ವದ ಪುಣ್ಯಕ್ಕೆ ಅದನ್ನು ಪಾಲುದಾರನನ್ನಾಗಿ ಮಾಡಹೊರಟರೆ ನಿರೋಧವೇ. ಒಂದೇ ಕ್ರಿಯೆ, ಒಳಗಿನ ಭಾವದಿಂದ ಎರಡಾಗುವುದು.

ಇನ್ನು ಆ ಆಹಾರವಾದರೂ ಯಾವುದು? ಅಂಗಡಿಯ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದವರು ಕಡಿಮೆ. ಅದರಲ್ಲಿ ಬಹುತೇಕ ಮೊದಲ ಹೆಸರೇ ಮೀನಿನ ಪುಡಿ. ಸಮುದ್ರದಲ್ಲಿ ಬಲೆಗೆ ಬಿದ್ದ ಸಣ್ಣ ಮೀನುಗಳನ್ನು ಒಣಗಿಸಿ ಅರೆದದ್ದು. ಮೊಟ್ಟೆಯನ್ನೂ ಹೊಸ್ತಿಲೊಳಗೆ ಬಿಡದ ಮನೆಗೆ ಈ ಡಬ್ಬಿ ತಿಂಗಳು ತಿಂಗಳೂ ಬರುವುದು, ಮಗುವಿನ ಕೈಯಿಂದ ಹಾಕಿಸಲ್ಪಡುವುದು. ನೀರಿನ ಶುದ್ಧಿಗೆ ಅಷ್ಟೊಂದು ಶ್ರಮಪಟ್ಟು ಇದನ್ನು ಕಾಣದಿರುವುದು ವಿಚಿತ್ರ. ಹೊನ್ನಮೀನಿನಂಥವು ಬೇಯಿಸಿದ ಬಟಾಣಿ, ಸೊಪ್ಪನ್ನು ತಿನ್ನುವುವು. ಆದರೆ ಎಲ್ಲ ಮೀನುಗಳೂ ಹಾಗಲ್ಲ. ಕೆಲವು ಸ್ವಭಾವತಃ ಮಾಂಸಾಹಾರಿಗಳು. ಅವುಗಳಿಗೆ ಸೊಪ್ಪನ್ನೇ ಹಾಕಿ ಸೊರಗಿಸುವುದು ಮತ್ತೆ ಅನ್ನಪಾನನಿರೋಧ. ಈ ಇಕ್ಕಟ್ಟಿಗೆ ಪರಿಹಾರವಿರುವುದು ಮೀನನ್ನು ತರುವ ಮೊದಲು ಮಾತ್ರ.

ವಿನೋದಕ್ಕಾಗಿ ಬೆಕ್ಕು, ಕೋಳಿ, ಗಿಳಿ ಮೊದಲಾದುವನ್ನು ಸಾಕುವುದನ್ನು ಕೆಲವು ಶ್ರಾವಕಾಚಾರಗಳು ಅನರ್ಥದಂಡದಲ್ಲಿ ಎಣಿಸಿವೆ. ಕಾರಣವಿಲ್ಲದೆ ನೀರನ್ನು ಚೆಲ್ಲುವುದೇ ಮೊದಲಾದುವನ್ನು ಸಮಂತಭದ್ರರು ಪ್ರಮಾದಚರ್ಯೆಯೆಂದಿರುವರು. 14 ಲೀಟರು ಆರ್.ಓ. ನೀರಿಗಾಗಿ 28ರಿಂದ 42 ಲೀಟರು ಗಟಾರಕ್ಕೆ ಹೋಗುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಆ ನೀರನ್ನು ನೆಲ ಒರಸಲು, ಶೌಚಕ್ಕೆ ಹಿಡಿದಿಟ್ಟರೆ ದೋಷ ಕುಗ್ಗೀತು. ಆದರೆ ಆರ್.ಓ. ನೀರು ಬೇಕಾದದ್ದಾದರೂ ಏಕೆ? ಗಪ್ಪಿ, ಮಾಲಿ, ಹೊನ್ನಮೀನುಗಳು ಕೊಳವೆಬಾವಿಯ ಗಡಸು ನೀರಿನಲ್ಲಿ ಚೆನ್ನಾಗಿಯೇ ಬದುಕುವುವು. ಅಮೆಜಾನ್ ನದಿಯ ಮೆದು ನೀರಿಗೆ ಸೇರಿದ ಡಿಸ್ಕಸ್ ಮೀನೋ, ಸಮುದ್ರದ ಮೀನೋ ತನ್ನ ನಡುಮನೆಯಲ್ಲಿರಬೇಕೆಂಬ ಆಸೆ ಹುಟ್ಟಿದಾಗ ಈ ಯಂತ್ರದ ಕೆಲಸ ಮೊದಲಾಗುವುದು. ದಿಗ್ವ್ರತ ದೇಶವ್ರತಗಳು ಕಾಲಿನ ನಡಿಗೆಗೆ ಮಾತ್ರ ಎಲ್ಲೆ ಹಾಕುವುದಿಲ್ಲ. ಎಲ್ಲೆಯಾಚೆಯ ವಸ್ತುವನ್ನು ಕುಳಿತಲ್ಲಿಗೇ ತರಿಸಿಕೊಳ್ಳುವುದನ್ನು ಆನಯನವೆಂಬ ಅತಿಚಾರವೆಂದು ಆಚಾರ್ಯರು ಹೆಸರಿಸಿಯೇ ಇರುವರು. ಡಿಸ್ಕಸ್ ಮೀನು ಇಂದು ಹೆಚ್ಚಾಗಿ ಕೊಳಗಳಲ್ಲೇ ಬೆಳೆದು ಮಾರಾಟಕ್ಕೆ ಬರುವುದೆಂಬುದು ನಿಜವಾದರೂ, ಅದಕ್ಕೆ ಬೇಕಾದ ದೂರದ ನದಿಯನ್ನು ಇಲ್ಲಿ ಕೃತಕವಾಗಿ ಸೃಷ್ಟಿಸಲೇಬೇಕು. ನಮ್ಮ ಪಶ್ಚಿಮ ಘಟ್ಟದ ತೊರೆಗಳ ಮಿಸ್ ಕೇರಳ ಎಂಬ ಚೆಲುವಾದ ಮೀನಾದರೋ, ಹೊರದೇಶಗಳ ತೊಟ್ಟಿಗಳಿಗಾಗಿ ಹಿಡಿಯಲ್ಪಟ್ಟೇ ವಿರಳವಾಯಿತು.

ತೊಟ್ಟಿ ಬೇಡವೆಂದು ಮನಸ್ಸು ತಿರುಗಿದವರು ಮಾಡುವ ಇನ್ನೊಂದು ಕಾರ್ಯವುಂಟು; ಅದು ದಯೆಯಂತೆ ಕಂಡರೂ ಹಾಗಲ್ಲ. ಮೀನುಗಳನ್ನು ಕೆರೆಗೆ ಬಿಟ್ಟುಬಿಡುವುದು. ಬಂಧದಿಂದ ಬಿಡಿಸಿದೆನೆಂದು ಅವರು ಸಂತೋಷಪಡುವರು. ತೊಟ್ಟಿಯಲ್ಲಿ ಬೆಳೆದ ಮೀನಿಗೆ ಕೆರೆಯ ನೀರೂ ಅಲ್ಲಿನ ಶತ್ರುಗಳೂ ಅಪರಿಚಿತ, ಅದು ಸಾಯಬಹುದು. ಬದುಕಿದರೆ ಇನ್ನೂ ಕಷ್ಟ. ಗಾಜಿನ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕರ್ ಮೀನು ಅಡಿಗಿಂತ ಉದ್ದ ಬೆಳೆಯುವುದು. ತೊಟ್ಟಿಗೆ ಹಿಡಿಸದಾದಾಗ ಜನರು ಕೆರೆಕಾಲುವೆಗಳಿಗೆ ಬಿಟ್ಟಿದ್ದರಿಂದ ಅದು ಭಾರತದ ಹಲವೆಡೆ ಸಂತಾನ ಬೆಳೆಸಿ, ಅಲ್ಲಿನ ಮೀನುಗಳ ನೆಲೆಯನ್ನು ಕಿತ್ತುಕೊಳ್ಳುತ್ತಿದೆ. ಒಂದು ಬಾವಿಯ ಜೀವಾನಿಯನ್ನು ಇನ್ನೊಂದು ಬಾವಿಗೆ ಹಾಕಬೇಡವೆಂದ ಹಿರಿಯರು ಈ ಅನರ್ಥವನ್ನು ಕಂಡವರಲ್ಲ. ಆದರೂ ಅವರ ನಿಯಮ ಇದನ್ನು ತಡೆದಿರುತ್ತಿತ್ತು.

ಸೋಮದೇವಸೂರಿಯ ಯಶಸ್ತಿಲಕದಲ್ಲಿಯೂ ಹರಿಷೇಣನ ಬೃಹತ್ಕಥಾಕೋಶದಲ್ಲಿಯೂ ಬರುವ ಮೃಗಸೇನನ ಕಥೆಯನ್ನು ಇಲ್ಲಿ ನೆನೆಯಬಹುದು. ಅವನು ಬೆಸ್ತ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಮುನಿಯಿಂದ ವ್ರತ ಪಡೆದನು. ಮೊದಲು ಸಿಕ್ಕ ಮೀನಿಗೆ ಗುರುತಿಗೆಂದು ಬಟ್ಟೆಯ ಚೂರು ಕಟ್ಟಿ ಹೊಳೆಗೆ ಬಿಟ್ಟನು. ಅಂದು ಐದು ಬಾರಿಯೂ ಅದೇ ಮೀನು. ಐದು ಬಾರಿಯೂ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದಾಗ ಹೆಂಡತಿ ಬಾಗಿಲು ತೆರೆಯಲಿಲ್ಲ. ಆ ಸಣ್ಣ ವ್ರತದ ಫಲ ಮುಂದಿನ ಜನ್ಮದಲ್ಲಿ ಐದು ಆಪತ್ತುಗಳಿಂದ ಅವನನ್ನು ಕಾಪಾಡಿತೆಂಬುದು ಕಥೆ. ಅವನು ಮೀನನ್ನು ಬಿಟ್ಟದ್ದು ಅದು ಬಂದ ಹೊಳೆಗೇ. ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗುವ ಯಾತ್ರಿಕನೂ ಮೀನನ್ನು ನೋಡುವುದು ಮೀನಿನ ನೀರಿನಲ್ಲೇ. ನೋಡುವ ಆಸೆ ತೀರಲು ಅದಕ್ಕಿಂತ ಹೆಚ್ಚಿನದು ಬೇಕಾಗದು.

ಹಾಗಾದರೆ ಈಗಾಗಲೇ ತೊಟ್ಟಿ ಇರುವ ಮನೆಯವರು ಏನು ಮಾಡಬೇಕು? ನನಗೆ ತೋರುವ ದಾರಿ ಪರಿಮಾಣವ್ರತದ್ದು. ಇಂದು ಇರುವ ಮೀನುಗಳಿಗಿಂತ ಹೆಚ್ಚನ್ನು ತರುವುದಿಲ್ಲ, ಸತ್ತದ್ದರ ಜಾಗಕ್ಕೆ ಇನ್ನೊಂದನ್ನು ಕೊಳ್ಳುವುದಿಲ್ಲ, ಇರುವುವು ಇರುವವರೆಗೆ ಅವುಗಳ ನೀರಿಗೂ ಆಹಾರಕ್ಕೂ ಚ್ಯುತಿ ತರುವುದಿಲ್ಲ ಎಂದು ಮನೆಯವರೆಲ್ಲ ಸೇರಿ ನಿಯಮ ಮಾಡಿಕೊಳ್ಳಬಹುದು. ಮರಿಹಾಕುವ ಗಪ್ಪಿಯಂಥವಾದರೆ ಗಂಡು ಹೆಣ್ಣುಗಳನ್ನು ಬೇರ್ಪಡಿಸಿಡಬೇಕಾದೀತು. ಒಮ್ಮೆ ಕೂಡಿದ ಹೆಣ್ಣು ಅನಂತರವೂ ಕೆಲವು ತಿಂಗಳು ಮರಿ ಹಾಕುತ್ತಿರಬಹುದೆಂಬುದನ್ನು ತಿಳಿದಿರಬೇಕು. ತೀರ್ಥಯಾತ್ರೆಗೆ ಹೊರಟಾಗ, ದಶಲಕ್ಷಣದ ಹತ್ತು ದಿನ ಹೆಚ್ಚು ಹೊತ್ತು ಬಸದಿಯಲ್ಲೇ ಇರುವಾಗ, ನೀರು ಬದಲಿಸುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಿರಿಯರು ಆರಂಭತ್ಯಾಗ ಪ್ರತಿಮೆಯನ್ನು ಧರಿಸಿದ್ದರೆ ಆ ಕೆಲಸವನ್ನು ಅವರ ಮೇಲೆ ಹಾಕಬಾರದು, ತಂದವನೇ ಹೊರಬೇಕು. ಮೇಲೆ ಹೇಳಿದ ಅಜ್ಜಿ ಈಗ ತಾಮ್ರದ ಹಂಡೆಯನ್ನು ಅತ್ತ ಇಟ್ಟು, ಮೊಮ್ಮಗನ ಡ್ರಮ್ಮಿನ ಬಾಯಿಗೆ ತಮ್ಮ ಎರಡು ಪದರದ ಬಟ್ಟೆಯನ್ನು ಕಟ್ಟಿಕೊಟ್ಟಿರುವರು. ಹೊಸ ಮೀನು ಬೇಡವೆಂದು ಅವನನ್ನು ಒಪ್ಪಿಸಿಯೂ ಇರುವರು. ಅದಕ್ಕೆ ಎರಡು ಚಾತುರ್ಮಾಸ ಹಿಡಿಯಿತಂತೆ.

ಕೊನೆಯ ಮೀನು ಹೋದಮೇಲೂ ತೊಟ್ಟಿಯಲ್ಲಿ ಏನಾದರೂ ಉಳಿದಿರುವುದು: ಗಿಡಗಳೊಡನೆ ಬಂದ ಬಸವನಹುಳುಗಳು, ಹೆಸರು ತಿಳಿಯದ ನೀರಹುಳುಗಳು. ನೀರನ್ನು ಗಟಾರಕ್ಕೆ ಚೆಲ್ಲಿದರೆ ಅವು ಸಾಯುವುವು. ಕೆರೆಗೆ ಚೆಲ್ಲಿದರೆ ಅಲ್ಲಿನ ಜೀವಗಳಿಗೆ ಕೇಡಾದೀತು. ಜೀವಾನಿಯನ್ನು ಮೂಲಜಲಕ್ಕೆ ಮರಳಿಸಬೇಕೆನ್ನುವುದಾದರೆ, ಇವುಗಳಿಗೆ ಈ ತೊಟ್ಟಿಯೇ ಮೂಲಜಲ. ಅದನ್ನು ನೆರಳಿರುವೆಡೆಗೆ ಸರಿಸಿ, ಸೊಳ್ಳೆ ಹೋಗದಂತೆ ಬಟ್ಟೆ ಹೊದಿಸಿ, ಆರಿದಷ್ಟು ನೀರನ್ನು ಆಗಾಗ ಗಾಳಿಸಿ ತುಂಬುತ್ತ, ಅವು ಇರುವಷ್ಟು ದಿನ ಇರಗೊಡಬೇಕಾಗುವುದು.